ದುಡಿಯೋ ಊರು ಬೇರೆ, ಓದೋ ಊರು ಬೇರೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಚೀನಾದ ಸಮಾಜದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. 140 ಕೋಟಿ ಜನರ ದೇಶ ಅದು, ಒಂದು ಸಂಜೆಯಲ್ಲಿ ಹೇಳಿ ಮುಗಿಯುವುದಿಲ್ಲ. ಹಾಗಾಗಿ ಅಲ್ಲಿನ ಮನೆಮನೆಯಲ್ಲೂ ಇರುವ ಒಂದು ಸಣ್ಣ ಪುಸ್ತಕದ ಬಗ್ಗೆ ಮಾತ್ರ ಹೇಳುತ್ತೇನೆ. ಅದರ ಹೆಸರು ಹುಕೌ, ಅಂದರೆ ಮನೆಮಂದಿಯ ಊರಿನ ನೋಂದಣಿ. ನಮ್ಮ ರೇಷನ್ ಕಾರ್ಡಿನ ಹಾಗೆ ಮನೆಮಂದಿಯ ಹೆಸರೆಲ್ಲ ಅದರಲ್ಲಿರುತ್ತದೆ. ಆದರೆ ಅದರ ಕೈ ಜಾಸ್ತಿ ಉದ್ದ. ನೀವು ಯಾವ ಊರಿನವರು, ನಿಮ್ಮ ಮಗು ಎಲ್ಲಿ ಓದಬೇಕು, ಮುಪ್ಪಿನಲ್ಲಿ ನಿಮಗೆ ಎಷ್ಟು ಪಿಂಚಣಿ, ಎಲ್ಲದರಲ್ಲೂ ಅದರ ಮಾತು ನಡೆಯುತ್ತದೆ.

1958ರಲ್ಲಿ ಹುಕೌ ಕಾನೂನು ಬಂತು. ಆಗ ಸರ್ಕಾರಕ್ಕೆ ಕಾರ್ಖಾನೆಗಳನ್ನು ಕಟ್ಟುವ ಆತುರ. ಕಾರ್ಖಾನೆಯ ಜನಕ್ಕೆ ಅಗ್ಗದ ಅಕ್ಕಿ, ಗೋಧಿ ಬೇಕು. ಅದನ್ನು ಬೆಳೆಯುವ ರೈತ ಹೊಲ ಬಿಟ್ಟು ಪಟ್ಟಣಕ್ಕೆ ಬಂದುಬಿಟ್ಟರೆ? ಅದಕ್ಕೇ ಜನರನ್ನು ಎರಡು ಪಾಲು ಮಾಡಿದರು. ಬೇಸಾಯದ ಹುಕೌ ಒಂದು, ಬೇಸಾಯವಲ್ಲದ ಹುಕೌ ಇನ್ನೊಂದು. ಪಟ್ಟಣದ ಹುಕೌ ಇದ್ದವರಿಗೆ ಮಾತ್ರ ಸರ್ಕಾರದ ಧಾನ್ಯದ ಕೂಪನ್. ಕೂಪನ್ ಇಲ್ಲದ ರೈತ ಪಟ್ಟಣಕ್ಕೆ ಬಂದರೂ ತಿನ್ನುವುದೇನು? ಬಹಳ ಕಾಲ ಈ ಹುಕೌ ತಾಯಿಯಿಂದ ಮಗುವಿಗೆ ಬರುತ್ತಿತ್ತು. ತಂದೆಯದನ್ನೂ ಪಡೆಯಬಹುದು ಎಂದಾದದ್ದು 1998ರಲ್ಲಿ. ಹುಟ್ಟಿನಿಂದಲೇ ಅಂಟಿಕೊಳ್ಳುವ ಇಂಥ ಗುರುತು ನಮಗೇನೂ ಹೊಸದಲ್ಲ, ಅಲ್ವಾ?

1980ರಲ್ಲಿ ದಕ್ಷಿಣ ಚೀನಾದ ಶೆನ್‌ಜೆನ್ ವಿಶೇಷ ಆರ್ಥಿಕ ವಲಯವಾಯಿತು. ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು, ಕೈಗಳು ಬೇಕಾದವು. ಸಿಚುವಾನ್, ಹೆನಾನ್, ಗುಯ್‌ಝೌ ಕಡೆಯ ಹಳ್ಳಿಗಳಿಂದ ಹುಡುಗ ಹುಡುಗಿಯರು ರೈಲು ಹತ್ತಿದರು. ದುಡಿಯಲು ಬರಬಹುದು ಎಂದಾಯಿತು. ಹುಕೌ ಮಾತ್ರ ಹಳ್ಳಿಯಲ್ಲೇ ಉಳಿಯಿತು. 2023ರ ಸರ್ಕಾರಿ ಲೆಕ್ಕದಲ್ಲಿ ಹಳ್ಳಿಯ ಹುಕೌ ಇದ್ದು ಬೇಸಾಯವಲ್ಲದ ಕೆಲಸ ಮಾಡುವವರು ಸುಮಾರು 29.8 ಕೋಟಿ, ಅವರಲ್ಲಿ ತಮ್ಮ ಊರು ಬಿಟ್ಟು ಹೊರಗೆ ಹೋದವರು ಸುಮಾರು 17.7 ಕೋಟಿ.

ಮೊದಮೊದಲು ಇವರಿಗೆ ಪೊಲೀಸರ ಭಯವೂ ಇತ್ತು. ವಾಸದ ಪರವಾನಗಿ ಇಲ್ಲದವರನ್ನು ಹಿಡಿದು ಕೂಡಿಹಾಕಿ ಊರಿಗೆ ಅಟ್ಟುತ್ತಿದ್ದರು. 2003ರ ಮಾರ್ಚಿನಲ್ಲಿ ಗುವಾಂಗ್‌ಝೌನಲ್ಲಿ ಸುನ್ ಝಿಗಾಂಗ್ ಎಂಬ 27ರ ಯುವಕನನ್ನು ಹೀಗೇ ಹಿಡಿದರು. ಓದಿದವನು, ಡಿಸೈನರ್ ಕೆಲಸದಲ್ಲಿದ್ದವನು. ಮೂರು ದಿನದಲ್ಲಿ ಏಟು ತಿಂದು ಸತ್ತ. ಅಲ್ಲಿನ ಒಂದು ಪತ್ರಿಕೆ ಧೈರ್ಯ ಮಾಡಿ ಬರೆಯಿತು. ಕಾನೂನು ಪಂಡಿತರು ಸಂಸತ್ತಿಗೆ ಅರ್ಜಿ ಕೊಟ್ಟರು. ಅದೇ ವರ್ಷ ಆ ಪದ್ಧತಿ ರದ್ದಾಯಿತು. ಸತ್ತವನು ಓದಿದವನಾಗಿರದೆ ಗಾರೆ ಕೆಲಸದವನಾಗಿದ್ದರೆ ಇಷ್ಟು ಗದ್ದಲ ಏಳುತ್ತಿತ್ತೇ? ನನಗೆ ಅನುಮಾನ.

ಭಯ ಹೋಯಿತು, ಆದರೆ ಮಕ್ಕಳ ಸಮಸ್ಯೆ ಹೋಗಲಿಲ್ಲ. ನಾನು ಮುಖ್ಯವಾಗಿ ಹೇಳಬೇಕಾದ್ದು ಇದು. ಒಂಬತ್ತನೇ ತರಗತಿವರೆಗೆ ವಲಸೆ ಮಕ್ಕಳನ್ನೂ ಪಟ್ಟಣದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕು ಎಂದು ಸರ್ಕಾರವೇ ಹೇಳಿದೆ. ಶಾಲೆಯ ಬಾಗಿಲಲ್ಲಿ ಮಾತ್ರ ಕಾಗದ ಕೇಳುತ್ತಾರೆ. ಕೆಲಸದ ಕರಾರು, ಬಾಡಿಗೆ ಪತ್ರ, ವಿಮೆ ಕಟ್ಟಿದ ದಾಖಲೆ. ಇವತ್ತು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ ಎಂದು ದುಡಿಯುವವರು ಕರಾರನ್ನು ಎಲ್ಲಿಂದ ತರಬೇಕು? ಇಂಥವರ ಮಕ್ಕಳಿಗಾಗಿ ನಡೆಯುತ್ತಿದ್ದ ಸಣ್ಣ ಖಾಸಗಿ ಶಾಲೆಗಳನ್ನು ಬೀಜಿಂಗ್‌ನಲ್ಲಿ 2011ರಲ್ಲಿ ಸಾಲುಸಾಲಾಗಿ ಮುಚ್ಚಿಸಿದರು. ಇಷ್ಟೆಲ್ಲ ದಾಟಿದರೂ ಕಾಲೇಜು ಪ್ರವೇಶದ ಗಾವೊಕಾವೊ ಪರೀಕ್ಷೆ ಇದೆ. ಅದನ್ನು ಸಾಮಾನ್ಯವಾಗಿ ಹುಕೌ ಇರುವ ಪ್ರಾಂತ್ಯದಲ್ಲೇ ಬರೆಯಬೇಕು. ಕೆಲವು ಕಡೆ ನಿಯಮ ಸಡಿಲವಾಗಿದೆ, ಬೀಜಿಂಗ್, ಶಾಂಘೈಗಳಲ್ಲಿ ಬಿಗಿಯಾಗಿಯೇ ಇದೆ. ನಮ್ಮ ಬೆಂಗಳೂರಿನಲ್ಲಿ ಬಿಹಾರದ ಕಾರ್ಮಿಕನ ಮಗಳು ಸರ್ಕಾರಿ ಶಾಲೆ ಸೇರಿ ಇಲ್ಲೇ ಎಸ್ಸೆಸ್ಸೆಲ್ಸಿ ಬರೆಯಬಹುದು. ಅವಳ ಕಷ್ಟಗಳು ಬೇರೆ, ಆದರೆ ಈ ಗೋಡೆ ಅವಳ ಮುಂದಿಲ್ಲ.

ಹಾಗಾಗಿ ಅಪ್ಪ ಅಮ್ಮ ಪಟ್ಟಣದಲ್ಲಿ, ಮಗು ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಹತ್ತಿರ. ಚೀನಾದಲ್ಲಿ ಇವರನ್ನು ‘ಹಿಂದೆ ಉಳಿದ ಮಕ್ಕಳು’ ಎಂದೇ ಕರೆಯುತ್ತಾರೆ. ಅವರ ಹೊಸ ವರ್ಷದ ವಸಂತ ಹಬ್ಬಕ್ಕೆ ಅಪ್ಪ ಅಮ್ಮ ಬಂದರೆ ಬಂದರು. 2012ರ ನವೆಂಬರಿನಲ್ಲಿ ಗುಯ್‌ಝೌ ಪ್ರಾಂತ್ಯದ ಬಿಜಿಯೆ ಪಟ್ಟಣದಲ್ಲಿ ಐದು ಹುಡುಗರು ಚಳಿಗೆ ಕಸದ ತೊಟ್ಟಿಯೊಳಗೆ ಬೆಂಕಿ ಹಾಕಿಕೊಂಡು, ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ದೇಶವೇ ತಲ್ಲಣಿಸಿತು.

ಇಂಥ ಮಕ್ಕಳು ಎಷ್ಟು ಜನ? 2010ರ ಜನಗಣತಿ ಆಧರಿಸಿದ ಅಂದಾಜು 6.1 ಕೋಟಿ. 2016ರಲ್ಲಿ ಸರ್ಕಾರ ಹೇಳಿದ ಸಂಖ್ಯೆ 90 ಲಕ್ಷ. ಆರು ವರ್ಷದಲ್ಲಿ ಐದು ಕೋಟಿ ಮಕ್ಕಳು ಅಪ್ಪ ಅಮ್ಮನ ಮಡಿಲು ಸೇರಿದರು ಎಂದುಕೊಳ್ಳಬೇಡಿ. ಮೊದಲು ಇಬ್ಬರಲ್ಲಿ ಒಬ್ಬರು ದೂರ ಇದ್ದರೂ ಲೆಕ್ಕಕ್ಕೆ ಬರುತ್ತಿತ್ತು. ಆಮೇಲೆ ಇಬ್ಬರೂ ದೂರ ಇರಬೇಕು, ಅಥವಾ ಒಬ್ಬರು ದೂರ ಇದ್ದು ಇನ್ನೊಬ್ಬರಿಗೆ ಮಗುವನ್ನು ನೋಡಿಕೊಳ್ಳುವ ಶಕ್ತಿ ಇರಬಾರದು ಎಂದರು. ವಯಸ್ಸಿನ ಮಿತಿಯನ್ನೂ 16ಕ್ಕೆ ಇಳಿಸಿದರು. ಅಂಕಿ ಸಂಖ್ಯೆ ಓದುವಾಗ ಇದನ್ನು ನೋಡಲೇಬೇಕು, ಚೀನಾದ್ದಾಗಲಿ ನಮ್ಮದಾಗಲಿ.

ಏನೂ ಬದಲಾಗಿಲ್ಲ ಎಂದರೆ ಅದೂ ಸುಳ್ಳು. 2014ರಲ್ಲಿ ಬೇಸಾಯ, ಬೇಸಾಯವಲ್ಲದ್ದು ಎಂಬ ಭೇದವನ್ನು ಕೈಬಿಡಲು ಸರ್ಕಾರ ತೀರ್ಮಾನಿಸಿತು. 2019ರಲ್ಲಿ, 30 ಲಕ್ಷಕ್ಕಿಂತ ಕಡಿಮೆ ಜನ ಇರುವ ನಗರಗಳು ಹುಕೌ ಕೊಡಲು ಅಡ್ಡಿ ಮಾಡಬಾರದು ಎಂದಿತು. ಆದರೆ ಒಳ್ಳೆಯ ಸಂಬಳ, ದೊಡ್ಡ ಆಸ್ಪತ್ರೆ, ಹೆಸರಾದ ಶಾಲೆ ಇರುವುದು ಬೀಜಿಂಗ್, ಶಾಂಘೈಯಂಥ ಕಡೆ. ಅಲ್ಲಿ ಓದು, ಉದ್ಯೋಗ, ವಿಮೆಗೆಲ್ಲ ಅಂಕ ಹಾಕಿ ಆರಿಸುತ್ತಾರೆ. ಎಂಜಿನಿಯರಿಗೆ ಬಾಗಿಲು ತೆರೆಯುತ್ತದೆ. ಆ ನಗರ ಕಟ್ಟಿದ ಗಾರೆಯವನಿಗೆ ತೆರೆಯುವುದು ಅಪರೂಪ.

ಈಗ ಇನ್ನೊಂದು ತಮಾಷೆ ನಡೆದಿದೆ. ಸಣ್ಣ ನಗರಗಳು ಬನ್ನಿ ಎಂದು ಕರೆದರೂ ಎಷ್ಟೋ ಹಳ್ಳಿಗರು ಒಲ್ಲೆ ಎನ್ನುತ್ತಿದ್ದಾರೆ. ಹಳ್ಳಿಯ ಹುಕೌ ಇದ್ದರೆ ಪಾಲಿನ ಹೊಲ ಇದೆ, ಮನೆ ಜಾಗ ಇದೆ. ಅದನ್ನು ಬಿಟ್ಟುಕೊಡುವ ಭಯ. ಭಯಕ್ಕೆ ಕಾರಣವೂ ಇದೆ. 1980, 90ರ ದಶಕದಲ್ಲಿ ರೈಲು ಹತ್ತಿದವರಿಗೆ ಈಗ ವಯಸ್ಸಾಗಿದೆ. ಹಳ್ಳಿಯ ಹುಕೌ ಇರುವ ಆ 29.8 ಕೋಟಿ ಕಾರ್ಮಿಕರಲ್ಲಿ ನೂರಕ್ಕೆ ಸುಮಾರು 30 ಮಂದಿ 50 ದಾಟಿದವರು. ಹಳ್ಳಿಯ ಪಿಂಚಣಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮೊತ್ತ 2024ರಲ್ಲಿ ತಿಂಗಳಿಗೆ 123 ಯುವಾನ್, ನಮ್ಮ ಲೆಕ್ಕದಲ್ಲಿ ಸುಮಾರು 1,400 ರೂಪಾಯಿ. ಪ್ರಾಂತ್ಯಗಳು ಇದಕ್ಕೆ ಒಂದಿಷ್ಟು ಸೇರಿಸಿದರೂ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ 60 ದಾಟಿದವರೂ ಕಟ್ಟಡದ ಕೆಲಸ ಹುಡುಕುತ್ತಾರೆ. ವಯಸ್ಸಾದವರಿಗೆ ಅಪಾಯದ ಕೆಲಸ ಬೇಡ ಎಂದು ಕೆಲವು ನಗರಗಳು ನಿಯಮ ಮಾಡಿವೆ. ಅವರ ಸುರಕ್ಷತೆಗೆ ಎಂದು ಮಾಡಿದ್ದು. ಆದರೆ ಕೆಲಸ ಕಳೆದುಕೊಂಡ ಮುದುಕರು ಊರಿಗೆ ಹೋಗಿ ಏನು ಮಾಡಬೇಕು ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ. ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.