ಬ್ರೇಕ್ ಪೆಡಲ್ ನಡುಗಿದ್ದೇಕೆ: ಮನೆಯಂಗಳದಲ್ಲಿ ಡಿಸ್ಕ್ ಮತ್ತು ಪ್ಯಾಡ್ ಬದಲಾವಣೆ

ಎಲ್ಲರಿಗೂ ನಮಸ್ಕಾರ. ಮಲ್ಪೆಯ ಸಮೀಪದ ನಮ್ಮ ಮನೆಯಂಗಳದಿಂದ ಮಾತನಾಡುತ್ತಿದ್ದೇನೆ. ಹಿಂದಿನ ಒಂದು ವೀಡಿಯೊದಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆಂದು, ಈ ಕಾರಿನ ಮುಂದಿನ ಚಕ್ರಗಳಿಗೆ ಹಾಕಿದ್ದ, ಚಕ್ರದ ಜೊತೆಗೇ ತಿರುಗುವ ಬ್ರೇಕಿನ ತಟ್ಟೆಗಳಾದ ಡಿಸ್ಕ್‌ಗಳನ್ನು ಕಳಪೆ ಮಾಲು ಎಂದು ಹೇಳಿದ್ದೆ. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಡಿಸ್ಕ್ ಚೆನ್ನಾಗಿಯೇ ಇತ್ತು, ಅದನ್ನು ಕೂರಿಸುವಾಗ ನಾನೇ ತಪ್ಪು ಮಾಡಿದ್ದೆ. ಆ ವೀಡಿಯೊ ನೋಡಿ ಯಾರಾದರೂ ಡಿಸ್ಕ್ ಬದಲಾಯಿಸಿದ್ದರೆ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಚಕ್ರ ಬಿಚ್ಚುವುದು ನಿಮಗೆ ಕಾಣುತ್ತಿದೆ, ಅದಕ್ಕೆ ವಿವರಣೆ ಬೇಕಿಲ್ಲ. ನಮ್ಮದು ಮಣ್ಣಿನ ಅಂಗಳವಾದ್ದರಿಂದ ಜಾಕ್ ಹುಗಿಯದಂತೆ ಅಡಿಗೆ ಹಲಸಿನ ಮರದ ದಪ್ಪ ಹಲಗೆ ಇಟ್ಟಿದ್ದೇನೆ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದೇನೆ, ಕಾರಿನ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ್ದೇನೆ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಕೈ ಹಾಕುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಪ್ಯಾಡ್ ಹಿಡಿದುಕೊಂಡು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ಬಂತು. ಅದನ್ನು ಬ್ರೇಕ್ ಹೋಸಿನಿಂದ ಜೋತುಬೀಳಲು ಬಿಡದೆ, ಮನೆ ಕಟ್ಟುವಾಗ ಉಳಿದಿದ್ದ ಬೈಂಡಿಂಗ್ ವಯರಿನಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿದ್ದೇನೆ. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿಲಿಮೀಟರ್ ದಪ್ಪದ ಮಾಲು ಇರುತ್ತದೆ. ಈ ಹಳೆಯ ಪ್ಯಾಡಿನಲ್ಲಿ ಇನ್ನೂ 6 ಮಿಲಿಮೀಟರ್ ಉಳಿದಿದೆ. ಅಂದರೆ ಸವೆದುಹೋಯಿತೆಂದು ನಾನು ಇದನ್ನು ಬಿಚ್ಚುತ್ತಿಲ್ಲ. ಹಳೆಯ ಡಿಸ್ಕಿನ ಏರುತಗ್ಗಿಗೆ ಹೊಂದಿಕೊಂಡು ಸವೆದ ಪ್ಯಾಡನ್ನು ಹೊಸ ಡಿಸ್ಕಿಗೆ ಹಾಕುವುದು ಸರಿಯಲ್ಲವಾದ್ದರಿಂದ ಅದೂ ಹೋಗಬೇಕಾಗಿದೆ.

ಈಗ ಡಿಸ್ಕ್. ಇದು ಬೀಡು ಕಬ್ಬಿಣ, ನಮ್ಮದು ಉಪ್ಪುಗಾಳಿಯ ಊರು. ಚಕ್ರವೂ ಡಿಸ್ಕೂ ಕೂರುವ ನಡುಭಾಗವಾದ ಹಬ್ಬಿಗೂ (hub) ಡಿಸ್ಕಿಗೂ ನಡುವೆ ತುಕ್ಕು ಹಿಡಿದು ಎರಡೂ ಒಂದೇ ಲೋಹವೇನೋ ಎಂಬಂತೆ ಅಂಟಿಕೊಂಡಿವೆ. ನಾನು ಸುತ್ತಿಗೆ ಎತ್ತಿದ್ದು ಕಾಣುತ್ತಿದೆಯಲ್ಲವೇ, ಆಗ ಜಗಲಿಯ ಮೇಲೆ ಕುಳಿತಿದ್ದ ದೊಡ್ಡಪ್ಪ, "ಹೊಡೆಯಬೇಡ ಮಾರಾಯ, ಬೇರಿಂಗ್ ಹೋಗ್ತದೆ. ಆ ತೂತಿಗೆ ಬೋಲ್ಟ್ ಹಾಕಿ ತಳ್ಳು" ಎಂದರು. ಅವರು ಘಟ್ಟದ ದಾರಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಡಿಸ್ಕಿನ ಮುಖದ ಮೇಲೆ ಬೋಲ್ಟ್ ತಿರುಗಿಸಿ ಹಾಕಲು ಮರೆ (ಒಳಗಿನ ಸುರುಳಿ ಗೆರೆ) ಕೊರೆದ ಎರಡು ಚಿಕ್ಕ ತೂತುಗಳಿವೆ. ಅವು ಇರುವುದೇ ಇದಕ್ಕಾಗಿ. ಎರಡಕ್ಕೂ 8 ಮಿಲಿಮೀಟರಿನ ಬೋಲ್ಟ್ ಕೊಟ್ಟು, ಒಮ್ಮೆ ಇದನ್ನು ಅರ್ಧ ಸುತ್ತು, ಒಮ್ಮೆ ಅದನ್ನು ಅರ್ಧ ಸುತ್ತು ತಿರುಗಿಸುತ್ತ ಹೋದರೆ ಡಿಸ್ಕ್ ತಾನಾಗಿ ಹೊರಕ್ಕೆ ಸರಿಯುತ್ತದೆ. ಟಪ್ ಎಂಬ ಸದ್ದು ನಿಮಗೂ ಕೇಳಿಸಿರಬೇಕು.

ಇನ್ನು ಮುಂದಿನದನ್ನು ದಯವಿಟ್ಟು ಗಮನವಿಟ್ಟು ನೋಡಿ. ಕ್ಯಾಮೆರಾವನ್ನು ಹಬ್ಬಿನ ಹತ್ತಿರ ಹಿಡಿದಿದ್ದೇನೆ. ಚಕ್ರದ ನಟ್ ಕೂರುವ ಎರಡು ಸ್ಟಡ್‌ಗಳ ನಡುವೆ, ಅಂಚಿನಲ್ಲಿ, ಭತ್ತದ ಹೊಟ್ಟಿನಷ್ಟು ಅಗಲದ ಒಂದು ತುಕ್ಕಿನ ಹಕ್ಕಳೆ ಇದೆ. ಅದರ ಮೇಲ್ಮೈ ನುಣ್ಣಗೆ ಹೊಳೆಯುತ್ತಿದೆ, ಏಕೆಂದರೆ ಡಿಸ್ಕ್ ಇಷ್ಟು ದಿನವೂ ಅದರ ಮೇಲೆಯೇ ಒತ್ತಿ ಕುಳಿತಿತ್ತು. ಹೋದ ಸಲ ಹಳೆಯ ಡಿಸ್ಕ್ ತೆಗೆದು, ಹಬ್ಬನ್ನು ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಹಾಕಿಬಿಟ್ಟಿದ್ದೆ. ಈ ಹಕ್ಕಳೆಯ ಎತ್ತರ 0.1 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಹಬ್ಬಿಗಿಂತ ಡಿಸ್ಕ್ ಹೆಚ್ಚು ಅಗಲವಾಗಿರುವುದರಿಂದ ಹೊರ ಅಂಚಿಗೆ ಹೋಗುವಷ್ಟರಲ್ಲಿ ಆ ಓರೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಡಿಸ್ಕ್ ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ, ನಾವು ಬ್ರೇಕ್ ಒತ್ತದೆ ಇದ್ದಾಗಲೂ ಸವರುತ್ತದೆ. ಸಾವಿರಾರು ಕಿಲೋಮೀಟರ್ ಓಡುವಷ್ಟರಲ್ಲಿ ಆ ಜಾಗ ಮಾತ್ರ ತೆಳ್ಳಗಾಗುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗ ಪ್ಯಾಡ್ ದಪ್ಪ ಜಾಗದಲ್ಲಿ ಹಿಂದಕ್ಕೂ ತೆಳು ಜಾಗದಲ್ಲಿ ಮುಂದಕ್ಕೂ ಹೋಗಿಬರುವುದರಿಂದ ಪೆಡಲ್ ಪಾದದ ಕೆಳಗೆ ನಡುಗುತ್ತದೆ, ಸ್ಟೀರಿಂಗ್ ಅಲುಗುತ್ತದೆ. ನನಗೆ ಹೀಗಾದದ್ದು ಸುಮಾರು 4000 ಕಿಲೋಮೀಟರ್ ಓಡಿದ ನಂತರ. ಹಾಕಿದ ದಿನವೇ ನಡುಗಿದ್ದರೆ ನನ್ನ ಕೆಲಸವನ್ನೇ ಅನುಮಾನಿಸುತ್ತಿದ್ದೆ. ತಿಂಗಳುಗಳು ಕಳೆದಿದ್ದರಿಂದ ಡಿಸ್ಕನ್ನು ದೂರಿದೆ.

ಲೇತ್ ಅಂಗಡಿಯಿಂದ ತಂದ ಮೈಕ್ರೋಮೀಟರಿನಲ್ಲಿ ಹಳೆಯ ಡಿಸ್ಕನ್ನು ಸುತ್ತಲೂ ಎಂಟು ಕಡೆ ಅಳೆದಾಗ ದಪ್ಪದಲ್ಲಿ 0.03 ಮಿಲಿಮೀಟರ್ ವ್ಯತ್ಯಾಸ ಬಂತು. ಸಾಮಾನ್ಯ ವರ್ನಿಯರಿಗೆ ಇಷ್ಟು ಸೂಕ್ಷ್ಮ ಅಳತೆ ಸಿಗುವುದಿಲ್ಲ, ಆದರೆ ನಮ್ಮ ಕಾಲಿಗೆ ತಿಳಿಯುತ್ತದೆ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತಾರೆ. ಈ ಡಿಸ್ಕ್ ಆ ಮಿತಿಗಿಂತ ಇನ್ನೂ ಬಹಳ ಮೇಲಿದೆ. ಇನ್ನೂ ಹಲವು ವರ್ಷ ಬಾಳಬೇಕಿದ್ದ ಜೋಡಿಯನ್ನು 9000 ಕಿಲೋಮೀಟರಿಗೇ ತೆಗೆಯುತ್ತಿದ್ದೇನೆ. ಹೊಸ ಜೋಡಿಗೆ 4200 ರೂಪಾಯಿ, ಪ್ಯಾಡಿಗೆ 1450 ರೂಪಾಯಿ ಕೊಟ್ಟೆ. ಹೋದ ಸಲವೇ 60 ರೂಪಾಯಿಯ ವೈರ್ ಬ್ರಷ್ ತಂದು ಕಾಲು ಗಂಟೆ ಉಜ್ಜಿದ್ದರೆ ಈ ಹಣ ಉಳಿಯುತ್ತಿತ್ತು ಎಂಬುದು ನನ್ನನ್ನು ಇಡೀ ವಾರ ಕೊರೆದಿದೆ. ಲೇತಿನಲ್ಲಿ ಹಳೆಯದನ್ನೇ ನಯ ಮಾಡಿಸಬಹುದಿತ್ತು ಎಂದು ನೀವು ಕೇಳಬಹುದು. ಬೇಡವೆಂದೇ ಹೇಳುತ್ತಿದ್ದೆ, ಆದರೆ ದಪ್ಪ ಇಷ್ಟೊಂದು ಉಳಿದಿರುವುದನ್ನು ಕಂಡ ಮೇಲೆ ಇವನ್ನು ಎಸೆಯಲು ಮನಸ್ಸಾಗುತ್ತಿಲ್ಲ. ನಯ ಮಾಡಿಸಿ ಇಟ್ಟುಕೊಳ್ಳುತ್ತೇನೆ.

ನಾನು ಇಷ್ಟು ಹೇಳುತ್ತಿರುವುದಕ್ಕೆ ಕಾರಣವಿದೆ. ತಿಂಗಳಿಗೆರಡು ಸಲ ನಾವು ಶಿವಮೊಗ್ಗದಿಂದ ಆಗುಂಬೆ ಘಟ್ಟ ಇಳಿದು ಬರುತ್ತೇವೆ. ಸಾವಿರ ಕಿಲೋ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ದೊಡ್ಡ ಕೊಡ ತಣ್ಣೀರನ್ನು ಕುದಿಸುವಷ್ಟಾಗುತ್ತದೆ. ಎಂಜಿನ್, ಗಾಳಿ ಮತ್ತು ಟೈರು ತಡೆದದ್ದನ್ನು ಬಿಟ್ಟರೆ ಉಳಿದ ಬಿಸಿಯಷ್ಟೂ ಈ ಡಿಸ್ಕ್‌ಗಳಿಗೂ ಹಿಂದಿನ ಡ್ರಮ್‌ಗಳಿಗೂ ಹೋಗಬೇಕು. ಅಮ್ಮ ಮುಂದಿನ ಸೀಟಿನಲ್ಲಿ ಕುಳಿತಿರುವಾಗ, ಮಳೆಯಲ್ಲಿ, ತಿರುವಿನಲ್ಲಿ ಪೆಡಲ್ ನಡುಗಿದಾಗ ನನ್ನ ಕೈ ಬೆವರಿತ್ತು. ಇನ್ನು ಕೆಲಸಕ್ಕೆ ಮರಳೋಣ.

ಹಬ್ಬನ್ನು ವೈರ್ ಬ್ರಷ್‌ನಿಂದ ಉಜ್ಜಿ, ಆಮೇಲೆ ಎಮರಿ ಕಾಗದದಿಂದ ಸ್ಟಡ್‌ಗಳ ಬುಡದವರೆಗೂ ತಿಕ್ಕಿದ್ದೇನೆ. ಬೆರಳಾಡಿಸಿದಾಗ ಎಲ್ಲಿಯೂ ತಡೆಯಬಾರದು. ಗ್ರೀಸ್ ಹಚ್ಚಲೇಬಾರದು ಎಂದು ಮೊದಲು ವಾದಿಸುತ್ತಿದ್ದೆ. ಕರಾವಳಿಯ ತುಕ್ಕು ಕಂಡ ಮೇಲೆ ಹಬ್ಬಿನ ನಡುವಿನ ಕೊರಳಿಗೆ ಮಾತ್ರ ತೆಳುವಾಗಿ ಸವರಿದ್ದೇನೆ, ಡಿಸ್ಕ್ ಒತ್ತಿಕೊಳ್ಳುವ ಮುಖಕ್ಕೆ ಹಚ್ಚಿಲ್ಲ. ಹೊಸ ಡಿಸ್ಕಿಗೆ ತುಕ್ಕು ಬಾರದಂತೆ ಎಣ್ಣೆ ಬಳಿದಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಬೇಕು. ನಟ್‌ಗಳನ್ನು ಬಿಗಿದು ಡಿಸ್ಕಿನ ಓರೆ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದೆ: ಬಿಚ್ಚುವ ಮೊದಲು 0.13 ಮಿಲಿಮೀಟರ್ ತೋರಿಸಿದ್ದ ಮುಳ್ಳು ಈಗ 0.03ರಲ್ಲಿ ನಿಂತಿದೆ. ದುರಸ್ತಿ ಕೈಪಿಡಿ 0.10ರವರೆಗೆ ಒಪ್ಪುತ್ತದೆ. ಮುಳ್ಳು ಅಲ್ಲಿ ನಿಂತದ್ದನ್ನು ಕಂಡಾಗ ಎಷ್ಟು ಸಂತೋಷವಾಯಿತೆಂದರೆ, ದೊಡ್ಡಪ್ಪನನ್ನೂ ಎಬ್ಬಿಸಿ ಕರೆತಂದು ತೋರಿಸಿದೆ.

ಹೊಸ ಪ್ಯಾಡಿಗೆ ಜಾಗವಾಗಲು ಕ್ಯಾಲಿಪರಿನೊಳಗೆ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಅದು ಚೆಲ್ಲಿದರೆ ಪೇಂಟನ್ನು ತಿನ್ನುವುದರಿಂದ ಮೊದಲೇ ಸಿರಿಂಜಿನಲ್ಲಿ ಸ್ವಲ್ಪ ತೆಗೆದಿಟ್ಟಿದ್ದೇನೆ. ಕ್ಯಾಲಿಪರಿನ ಪಿನ್ನುಗಳಿಗೆ ಸಿಲಿಕೋನ್ ಗ್ರೀಸನ್ನೇ ಹಾಕಿ, ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಬಲಗಡೆಯದೂ ಇದೇ ಕೆಲಸವಾದ್ದರಿಂದ ವೇಗವಾಗಿ ಓಡಿಸಿ ತೋರಿಸುತ್ತಿದ್ದೇನೆ.

ಕಾರನ್ನು ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಸಿಗುವುದಿಲ್ಲ. ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ 60ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಹದವಾಗಿ ಇಳಿಸಿ, ಬ್ರೇಕ್ ಮುಟ್ಟದೆ ಐದು ನಿಮಿಷ ಓಡಿಸಿ ತಣಿಸಿದೆ. ಪೆಡಲ್ ಈಗ ಕಲ್ಲಿನಂತೆ ನಿಂತಿದೆ. ಆದರೂ ದೂರು ತಿಂಗಳುಗಳ ನಂತರವೇ ಬರುವಂಥದ್ದಾದ್ದರಿಂದ ಇವತ್ತೇ ಗೆದ್ದೆನೆಂದು ಹೇಳಲಾರೆ. ಮೀಟರ್ 81,460 ತೋರಿಸುತ್ತಿದೆ. ಅದನ್ನು ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. 85,460 ಆದ ದಿನ ಇದೇ ಗೇಜ್ ತಂದು, ಇದೇ ಅಂಗಳದಲ್ಲಿ, ಕ್ಯಾಮೆರಾ ಹಚ್ಚಿಯೇ ಮತ್ತೆ ಅಳೆಯುತ್ತೇನೆ.