ಆಟಿಡೊಂಜಿ ದಿನಕ್ಕೆ ಹಾಲ್ ಯಾಕೆ, ಪಾರ್ಕ್ ಇಲ್ವಾ?

ನಮಸ್ಕಾರ, ಬನ್ನಿ. ಇವತ್ತು ಒಂದು ತಕರಾರು ಉಂಟು.

ಜುಲೈ ಬಂತು ಅಂದರೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಎರಡು ಥರದ ಕಾರ್ಯಕ್ರಮ ಶುರು. ಒಂದು ವನಮಹೋತ್ಸವ. ಇನ್ನೊಂದು ಆಟಿಡೊಂಜಿ ದಿನ, ಅಂದರೆ ತುಳುವರ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಒಂದು ದಿನ ಸೇರಿ ಆ ಕಾಲದ ಅಡುಗೆ ಉಣ್ಣುವ ಕಾರ್ಯಕ್ರಮ. ವನಮಹೋತ್ಸವದಲ್ಲಿ ಗಿಡ ಇರುತ್ತದೆ, ಜನ ಇರುವುದಿಲ್ಲ. ಆಟಿಡೊಂಜಿ ದಿನಕ್ಕೆ ಜನ ಹಾಲ್ ತುಂಬಿ ಹೊರಗೂ ನಿಂತಿರುತ್ತಾರೆ. ಆದರೆ ಅಲ್ಲಿ ಒಂದು ಹಸಿರೆಲೆ ಕಾಣಬೇಕಾದರೆ ಕೆಸುವಿನ ಎಲೆಯ ಪತ್ರೊಡೆ ಬಿಡಿಸಿ ನೋಡಬೇಕು. ಈ ಎರಡನ್ನೂ ಒಂದೇ ಕಡೆ, ನಮ್ಮ ವಾರ್ಡಿನ ಪಾರ್ಕಿನಲ್ಲೋ ಮೈದಾನದ ಮರದಡಿಯಲ್ಲೋ ಯಾಕೆ ಮಾಡಬಾರದು?

ವನಮಹೋತ್ಸವ ಹಳೆಯದು. ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಮಂತ್ರಿಯಾಗಿದ್ದ ಕೆ. ಎಂ. ಮುನ್ಷಿ 1950ರ ಜುಲೈಯಲ್ಲಿ ಶುರು ಮಾಡಿದ್ದು. ಉದ್ದೇಶ ಒಳ್ಳೆಯದೇ. ಆದರೆ ಈಗ ಅದು ನಡೆಯುವ ಚಂದ ನಿಮಗೂ ಗೊತ್ತು. ಗುಂಡಿ ಮೊದಲೇ ತೋಡಿ ಇಟ್ಟಿರುತ್ತಾರೆ. ಅತಿಥಿಗಳು ಬರುತ್ತಾರೆ, ಒಂದು ಗಿಡಕ್ಕೆ ಎಂಟು ಜನ ಕೈ ಹಾಕುತ್ತಾರೆ, ಫೋಟೊ, ಚಾ ತಿಂಡಿ, ಮುಗೀತು. ಫೆಬ್ರವರಿಯಲ್ಲಿ ಮುರಕಲ್ಲಿನ ನೆಲ ಕಾಯುವಾಗ ಆ ಗಿಡಕ್ಕೆ ನೀರು ಹಾಕುವವರು ಯಾರು ಅಂತ ಬೇರೆಯವರು ಬೇಕಾದಷ್ಟು ಸಲ ಕೇಳಿದ್ದಾರೆ, ನಾನು ಮತ್ತೆ ಎಳೆಯುವುದಿಲ್ಲ. ನನ್ನ ಬೇಸರ ಬೇರೆ. ನಮ್ಮ ಸಂಭ್ರಮವೆಲ್ಲ ಇನ್ನೂ ಮರ ಆಗದ ಗಿಡಕ್ಕೆ. ಅದೇ ರಸ್ತೆಯ ತಿರುವಿನಲ್ಲಿ ಅಜ್ಜನ ಕಾಲದಿಂದ ನಿಂತ ಗೋಳಿಮರಕ್ಕೆ ಏನು ಸಿಕ್ಕಿದೆ? ಫ್ಲೆಕ್ಸ್ ಕಟ್ಟಲಿಕ್ಕೆ ಹೊಡೆದ ನಾಲ್ಕು ಮೊಳೆ.

ಈಗ ಆಟಿಗೆ ಬರುವ. ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ (ಕನ್ನಡದಲ್ಲಿ ಹಾಲೆ ಮರ) ಕಷಾಯ ಕುಡಿಯುವುದು ತುಳುನಾಡಿನ ಕ್ರಮ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ತೊಗಟೆ ತರಬೇಕು. ಅರೆದು ರಸ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಚುಂಯ್ ಅಂತ ಅದರಲ್ಲಿ ಅದ್ದಬೇಕು. ಕಹಿ ಅಂದರೆ ಎಂಥ ಕಹಿ! ಆಮೇಲೆ ದೇಹ ತಂಪಿಗೆ ಮೆಂತೆ ಗಂಜಿ. ಈಗ ಪೇಟೆಯಲ್ಲಿ ಸಂಘ ಸಂಸ್ಥೆಗಳೇ ಕಷಾಯ ಮಾಡಿ ಹಂಚುತ್ತವೆ. ಒಳ್ಳೆಯದೇ. ಆದರೆ ಲೋಟ ಹಿಡಿದು ಲೈನಿನಲ್ಲಿ ನಿಂತವರನ್ನು, ಪಾಲೆ ಮರ ಯಾವುದು ತೋರಿಸಿ ಅಂತ ಕೇಳಿ ನೋಡಿ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪೇಟೆಗೆಲ್ಲ ಹಂಚುವಷ್ಟು ತೊಗಟೆ ಎಷ್ಟು ಮರದ ಮೈಯಿಂದ ಕೀಳುತ್ತಾರೆ ಅನ್ನುವುದೂ ಯಾರ ತಲೆಯಲ್ಲೂ ಇರುವುದಿಲ್ಲ.

ಇದು ಸುಮ್ನೆ ತಮಾಷೆಗೆ ಹೇಳಿದ್ದಲ್ಲ. ಕತ್ತಲಲ್ಲಿ ಪಾಲೆ ಅಂತ ಕಾಸರಕನ ತೊಗಟೆ ತಂದರೆ ಜೀವಕ್ಕೇ ಕುತ್ತು. ಅದರಲ್ಲಿ ಇರುವುದು ಸ್ಟ್ರಿಕ್ನಿನ್ ವಿಷ. ಬೆಳಕಿನಲ್ಲಿ ಒಮ್ಮೆ ನೋಡಿಕೊಂಡರೆ ಗುರುತು ಕಷ್ಟ ಅಲ್ಲ. ಪಾಲೆಯ ಗೆಲ್ಲಿನಲ್ಲಿ ಒಂದೊಂದು ಗಂಟಿಗೆ ಆರೇಳು ಎಲೆ ಸುತ್ತಲೂ ಹರಡಿರುತ್ತವೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕಕ್ಕೆ ಎಲೆ ಎದುರೆದುರು ಎರಡೇ, ಹಾಲು ಇಲ್ಲ. ಮೈಕ್ ಹಿಡಿದು ಭಾಷಣ ಮಾಡಿ ಇದನ್ನು ಕಲಿಸಲಿಕ್ಕೆ ಆಗುವುದಿಲ್ಲ. ಮಕ್ಕಳನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ ಎಲೆ ಎಣಿಸಲಿಕ್ಕೆ ಹೇಳಬೇಕು. ಪಾಲೆ, ರೆಂಜೆ, ಪುನರ್ಪುಳಿ, ಹೊಂಗೆ, ಒಂದೊಂದಾಗಿ.

ಮಳೆ ಬರ್ತದಲ್ಲ ಮಾರಾಯ್ರೇ, ಅನ್ನುತ್ತೀರಿ. ಬರುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಸುರಿಯುವ ಊರು ನಮ್ಮದು. ಆದರೆ ಕೆಸರ್‌ಡೊಂಜಿ ದಿನ ಅಂತ ಗದ್ದೆಯಲ್ಲಿ ಬಿದ್ದು ಎದ್ದು ಹಗ್ಗಜಗ್ಗಾಟ ಆಡುವವರೂ ನಾವೇ ಅಲ್ವಾ? ಕೆಸರಿಗೆ ಹೆದರದವರು ಪಾರ್ಕಿನಲ್ಲಿ ನಾಲ್ಕು ಶೀಟು ಕಟ್ಟಿ ಗಂಜಿ ಬಡಿಸಲಿಕ್ಕೆ ಹೆದರುವುದು ಎಂತಕ್ಕೆ?

ಬ್ರಿಟನ್‌ನಲ್ಲಿ ಕೀಪ್ ಬ್ರಿಟನ್ ಟೈಡಿ ಅನ್ನುವ ಸಂಸ್ಥೆ ಲವ್ ಪಾರ್ಕ್ಸ್ ವೀಕ್ ಅಂತ ನಡೆಸುತ್ತದೆ. ಜುಲೈ ಕೊನೆಯ ಹೊತ್ತಿಗೆ, ಅಂದರೆ ಹೆಚ್ಚುಕಡಿಮೆ ನಮ್ಮ ಆಟಿಯ ದಿನಗಳಲ್ಲೇ. ಅಲ್ಲಿ ಅದು ಬೇಸಿಗೆ, ಅದು ಬೇರೆ ಮಾತು. ನನಗೆ ಇಷ್ಟವಾದದ್ದು ಅವರು ಕರೆಯುವ ಜಾಗ. ನಿಮ್ಮ ಮನೆ ಹತ್ತಿರದ ಪಾರ್ಕಿಗೆ ಬನ್ನಿ, ಅಷ್ಟೇ. ನಮಗೆ ಪಾರ್ಕ್ ಹಬ್ಬ ಅಂದರೆ ಜನವರಿಯಲ್ಲಿ ಕದ್ರಿಯ ಫಲಪುಷ್ಪ ಪ್ರದರ್ಶನ. ನಾನೂ ಹೋಗುತ್ತೇನೆ, ಹೂವಿನ ಆನೆಯ ಎದುರು ಫೋಟೊ ತೆಗೆಸುತ್ತೇನೆ. ಆದರೆ ಕದ್ರಿ ಪಾರ್ಕಿಗೆ, ಅಜ್ಜರಕಾಡಿನ ಭುಜಂಗ ಪಾರ್ಕಿಗೆ, ಮಣಿಪಾಲದ ಮಣ್ಣಪಳ್ಳಕ್ಕೆ ಜನ ಹೇಗೂ ಬರುತ್ತಾರೆ. ಬೀಗ ಹಾಕಿದ ಗೇಟಿನ ಹಿಂದೆ ತುಕ್ಕು ಹಿಡಿದ ಉಯ್ಯಾಲೆ ಇಟ್ಟುಕೊಂಡು ಕೂತ ಸಣ್ಣ ಪಾರ್ಕುಗಳಿಗೆ ಯಾರು ಹೋಗುತ್ತಾರೆ?

ಇಲ್ಲಿ ಒಂದು ಹೆದರಿಕೆಯನ್ನೂ ಹೇಳಬೇಕು. ನಾವು ಪ್ರೀತಿ ಮಾಡಿದ ಜಾಗಕ್ಕೆ ಕಾಂಕ್ರೀಟ್ ಹಾಕುತ್ತೇವೆ. ನಾಗಬನಗಳನ್ನೇ ನೋಡಿ. ಭಯಭಕ್ತಿಯಿಂದ ಗೆಲ್ಲು ಕೂಡ ಮುರಿಯದೆ ಕಾಪಾಡಿದ ಕಾಡಿನ ತುಣುಕುಗಳು ಅವು. ಈಗ ಎಷ್ಟೋ ಕಡೆ ಜೀರ್ಣೋದ್ಧಾರ ಅಂತ ಮರ ತೆಗೆದು, ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಬಿಸಿಲಿನಲ್ಲಿ ನಾಗನ ಕಲ್ಲುಗಳನ್ನು ಕೂರಿಸಿದ್ದಾರೆ. ದುಡ್ಡು ಕೊಟ್ಟವರಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ. ಪಾರ್ಕಿನ ಕತೆಯೂ ಇದೇ ಆಗಬಹುದು. ಕಾರ್ಯಕ್ರಮ ಚೆನ್ನಾಗಿ ಆಯ್ತು, ಮುಂದಿನ ವರ್ಷಕ್ಕೆ ಒಂದು ಸ್ಟೇಜ್ ಕಟ್ಟುವ, ನೆಲಕ್ಕೆ ಇಂಟರ್‌ಲಾಕ್ ಹಾಕುವ, ದಾನಿಗಳ ಹೆಸರಿನ ಕಲ್ಲು ನಿಲ್ಲಿಸುವ ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ಬೇಡ ಅನ್ನಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ದೂರದೊಳಗಿನ ಕಾಂಕ್ರೀಟ್ ತೆಗೆಯಲಿಕ್ಕೆ ಹೇಳಬೇಕಾಯಿತು. ಹಾಕಿ ಆಮೇಲೆ ಕೀಳುವ ಕೆಲಸ ನಮಗೆ ಯಾಕೆ? ಶೀಟು, ಕುರ್ಚಿ, ಬಾಳೆ ಎಲೆ, ಸಂಜೆಗೆ ಎಲ್ಲ ಹೊರಗೆ ಹೋಗಬೇಕು.

ಜನ ಸೇರಿದರೆ ಇನ್ನೊಂದು ಲಾಭ ಉಂಟು. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಪಾರ್ಕ್ ಮತ್ತು ಆಟದ ಮೈದಾನಗಳಿಗೆ 1985ರ ಕಾಯ್ದೆ ಇದೆ. ಮರ ಕಡಿಯಲಿಕ್ಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಜನರ ಅಹವಾಲು ಕೇಳಬೇಕು. ಪೇಪರಿನ ಮೂಲೆಯಲ್ಲಿ ಆ ಪ್ರಕಟಣೆ ಬಂದಾಗ ನಮಗೆ ಆ ಮರಗಳ ಪರಿಚಯವೇ ಇಲ್ಲದಿದ್ದರೆ ಬರೆಯುವುದು ಎಂತ? ಆಟಿಗೆ ಅಲ್ಲಿ ಕೂತು ಉಂಡವರ ಹತ್ತಿರ ಮರದ ಹೆಸರು ಉಂಟು, ಪಟ್ಟಿ ಉಂಟು, ಫೋಟೊ ಉಂಟು.

ರಾಮಕೃಷ್ಣ ಮಿಷನ್ 2015ರಲ್ಲಿ ಶುರು ಮಾಡಿದ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾನುವಾರ ಬೆಳಗ್ಗೆ ಪೊರಕೆ ಹಿಡಿದು ಬಂದವರು ಈ ಊರಿನವರೇ. ಹಾಗಾಗಿ ನಮ್ಮವರಿಗೆ ಪುರುಸೊತ್ತಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ವಾರ್ಡಿನ ಪಾರ್ಕಿನ ಗೇಟಿನ ಬೀಗದಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿ. ಮಂಗಳೂರಾದರೆ ಪಾಲಿಕೆಗೆ, ಉಡುಪಿಯಾದರೆ ನಗರಸಭೆಗೆ, ಒಂದು ಆದಿತ್ಯವಾರದ ಅನುಮತಿಗೆ ಅರ್ಜಿ ಕೊಡಿ. ಬೇಗ ಕೊಡಿ. ನಿಮ್ಮ ಸಂಘದ ಸೆಕ್ರೆಟರಿ ಆಟಿಗೆ ಹಾಲ್ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟರೆ ಮತ್ತೆ ಒಂದು ವರ್ಷ ಕಾಯಬೇಕು.