ಅಕ್ವೇರಿಯಂ ಗಿಡ ನೆಟ್ಟ ಮೊದಲ ತಿಂಗಳು

ಮೊದಲು ಅನುಬಿಯಾಸ್ ನಾನಾ ಅನ್ನೋ ಗಿಡ. ಎಲೆ ಬಿಡಿ, ಬುಡ ನೋಡಿ. ಎಲೆಗಳೆಲ್ಲ ಹುಟ್ಟಿರೋ ಈ ದಪ್ಪ ಹಸಿರು ಭಾಗ ಬೇರಲ್ಲ, ರೈಜೋಮ್. ಶುಂಠಿ ಥರ ಅಡ್ಡಡ್ಡ ಬೆಳೆಯುತ್ತೆ. ಇದನ್ನ ಮರಳೊಳಗೆ ಹೂತ್ರೆ ಕೊಳೆಯೋದು ಗ್ಯಾರಂಟಿ. ಮೊದಲು ಮೆತ್ತಗಾಗುತ್ತೆ, ಆಮೇಲೆ ಚೆನ್ನಾಗೇ ಇದ್ದ ಎಲೆಗಳು ಬುಡದಿಂದ ಕಳಚಿ ಮೇಲೆ ತೇಲ್ತವೆ. ಜನ ಗೊಬ್ಬರ ಸಾಲದು ಅಂದ್ಕೊಂಡು ಇನ್ನಷ್ಟು ಹಾಕ್ತಾರೆ. ಸುಲಭದ ಗಿಡ ಅಂತ ತಂದಿದ್ದು ಸಾಯೋದು ಹೆಚ್ಚಾಗಿ ಹೀಗೇ, ನೆಡೋ ದಿನ ಮಾಡಿದ ತಪ್ಪಿನಿಂದ.

ಜಾವಾ ಫರ್ನ್‌ಗೂ ಇದೇ ಮಾತು. ಎರಡನ್ನೂ ಕಲ್ಲಿಗೋ ಡ್ರಿಫ್ಟ್‌ವುಡ್‌ಗೋ (ಟ್ಯಾಂಕ್‌ನಲ್ಲಿಡೋ ಮರದ ತುಂಡು) ಅಂಟಿಸಿ. ಕಲ್ಲನ್ನ ಟಿಶ್ಯೂನಿಂದ ಒರೆಸಿ, ಸೈನೋಆಕ್ರಿಲೇಟ್ ಜೆಲ್ ಗ್ಲೂ (ಜೆಲ್ ಥರದ ಸೂಪರ್ ಗ್ಲೂ) ಎರಡು ಹನಿ ಹಾಕಿ, ರೈಜೋಮ್ ಇಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನೀರಿಗೆ ಬಿದ್ದ ಕೂಡಲೇ ಗ್ಲೂ ಬೆಳ್ಳಗಾಗುತ್ತೆ, ಗಟ್ಟಿಯಾದ ಮೇಲೆ ಮೀನಿಗೆ ತೊಂದರೆ ಇಲ್ಲ. ತೆಳುವಾದ ಗ್ಲೂ ಬೇಡ, ಹರಿದು ಬೆರಳಿಗೆ ಅಂಟುತ್ತೆ. ಹತ್ತಿ ದಾರ ಕಟ್ಟಬಹುದು, ಆದ್ರೆ ಅನುಬಿಯಾಸ್ ಬೇರು ಕಲ್ಲು ಹಿಡಿಯೋಕೆ ಮುಂಚೆಯೇ ದಾರ ಕೊಳೆತು ಬಿಡಬಹುದು. ಅದಕ್ಕೆ ಫಿಶಿಂಗ್ ಲೈನ್ ವಾಸಿ.

ಜಾವಾ ಫರ್ನ್ ಎಲೆಯ ಅಡಿಯಲ್ಲಿ ಸಾಲಾಗಿ ಕಂದು-ಕಪ್ಪು ಚುಕ್ಕೆ ಕಂಡ್ರೆ ಗಾಬರಿ ಬೇಡ, ರೋಗ ಅಲ್ಲ, ಬೀಜಕಗಳ ಗುಂಪು. ಹಳೇ ಎಲೆಯ ಮೇಲೆ ಮರಿಗಿಡಗಳೂ ಹುಟ್ತವೆ. ಮೂರ್ನಾಲ್ಕು ಎಲೆ, ಒಂದಿಷ್ಟು ಬೇರು ಬಂದ ಮೇಲೆ ಬಿಡಿಸಿ ಬೇರೆ ಕಡೆ ಅಂಟಿಸಿ.

ಕ್ರಿಪ್ಟೊಕೊರಿನ್, ವ್ಯಾಲಿಸ್ನೇರಿಯಾ ಮಾತ್ರ ಮರಳಿನ ಗಿಡಗಳು. ಐದಾರು ಸೆಂಟಿಮೀಟರ್ ಆಳದ ಮರಳು ಬೇಕು. ಕುಂಡ ಕಳಚಿ, ಬೇರಿಗೆ ಸುತ್ತಿರೋ ಉಣ್ಣೆಯಂಥ ರಾಕ್‌ವೂಲ್ ಪೂರ್ತಿ ತೆಗೀರಿ. ಬೇರನ್ನ ಮೂರ್ನಾಲ್ಕು ಸೆಂಟಿಮೀಟರ್‌ಗೆ ಕತ್ತರಿಸಿ ಚಿಮುಟದಿಂದ ಓರೆಯಾಗಿ ಇಳಿಸಿ. ಎಲೆ, ಬೇರು ಕೂಡೋ ಜಾಗ ಮರಳಿನ ಮೇಲೇ ಇರಲಿ. ಹತ್ತಿರದಲ್ಲೇ ಒಂದು ರೂಟ್ ಟ್ಯಾಬ್, ಅಂದ್ರೆ ಬೇರಿಗೆ ಹಾಕೋ ಗೊಬ್ಬರದ ಗುಳಿಗೆ, ಆಳಕ್ಕೆ ಚುಚ್ಚಿ.

ಇನ್ನು ಕ್ರಿಪ್ಟ್ (ಕ್ರಿಪ್ಟೊಕೊರಿನ್) ಕರಗೋದು. ನೆಟ್ಟ ಒಂದೆರಡು ವಾರದಲ್ಲಿ ಎಲೆಗಳೆಲ್ಲ ಲೋಳೆಯಾಗಿ ಕುಸಿಯಬಹುದು. ನರ್ಸರಿಗಳಲ್ಲಿ ಈ ಗಿಡಗಳನ್ನ ಸಾಮಾನ್ಯವಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸ್ತಾರೆ. ಆ ಎಲೆ ನೀರೊಳಗೆ ಬಾಳೋಕೆ ಆಗಿದ್ದಲ್ಲ. ಜೊತೆಗೆ ನೀರು, ಬೆಳಕು ದಿಢೀರ್ ಬದಲಾದ್ರೂ ಕ್ರಿಪ್ಟ್‌ಗೆ ಆಗಲ್ಲ. ಕರಗಿದ ಎಲೆ ಕತ್ತರಿಸಿ ಹೊರಗೆ ಹಾಕಿ, ಕೊಳೆತ್ರೆ ಅಮೋನಿಯ ಏರುತ್ತೆ. ಗಿಡವನ್ನ ಮಾತ್ರ ಕೀಳಬೇಡಿ, ಬೇರು ಜೀವಂತ ಇರುತ್ತೆ. ಮೂರ್ನಾಲ್ಕು ವಾರದಲ್ಲಿ ಹೊಸ ಎಲೆ ಬರುತ್ತೆ. ಸತ್ತಿದೆಯಾ ಅಂತ ಕಿತ್ತು ನೋಡಿ ಮತ್ತೆ ನೆಟ್ರೆ ಕಥೆ ಮೊದಲಿಂದ ಶುರು.

ಬೆಳಕು ದಿನಕ್ಕೆ ಆರು ಗಂಟೆಯಿಂದ ಶುರು ಮಾಡಿ, ಟೈಮರ್ ಹಾಕಿ. ತಿಂಗಳಾದ ಮೇಲೆ, ಪಾಚಿ ಇಲ್ಲದಿದ್ರೆ, ಎಂಟಕ್ಕೆ ಏರಿಸಿ. ಬೆಳಕು ಜಾಸ್ತಿ ಆದಷ್ಟೂ ಗಿಡಕ್ಕೆ ಇಂಗಾಲದ ಡೈಆಕ್ಸೈಡೂ ಪೋಷಕಾಂಶವೂ ಜಾಸ್ತಿ ಬೇಕು. ಅವು ಸಿಗದೆ ಗಿಡ ನಿಧಾನವಾದ್ರೆ ಮಿಕ್ಕ ಬೆಳಕೆಲ್ಲ ಪಾಚಿ ಪಾಲು. ಅನುಬಿಯಾಸ್ ಎಲೆ ತಿಂಗಳಿಗೆ ಒಂದೋ ಎರಡೋ ಅಷ್ಟೇ, ಹಾಗಾಗಿ ಅದರ ಮೇಲೆ ಹಸಿರು ಚುಕ್ಕೆ ಪಾಚಿ ಬೇಗ ಕೂರುತ್ತೆ. ನೆರಳಲ್ಲಿಡಿ. ಸಿಒ2 ಸಿಲಿಂಡರ್ ಈ ಯಾವ ಗಿಡಕ್ಕೂ ಬೇಡ.

ಗೊಬ್ಬರ ಹಾಕೋ ಮುಂಚೆ ಎಲೆ ನೋಡಿ. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಸುತ್ತ ಹಳದಿಯಾಗಿದ್ರೆ ಪೊಟ್ಯಾಸಿಯಂ ಕೊರತೆ. ಹಳೇ ಎಲೆ ಇಡೀ ಹಳದಿಯಾದ್ರೆ ಸಾರಜನಕ. ಮೀನು ಕಡಿಮೆ ಇರೋ ಟ್ಯಾಂಕ್‌ನಲ್ಲಿ ಇದು ಮಾಮೂಲು. ಹೊಸ ಎಲೆ ಬಿಳಚಿ ನರ ಮಾತ್ರ ಹಸಿರಾಗಿದ್ರೆ ಕಬ್ಬಿಣ. ಒಮ್ಮೆ ಹಾಳಾದ ಎಲೆ ರಿಪೇರಿ ಆಗಲ್ಲ, ಫಲಿತಾಂಶಕ್ಕೆ ಹೊಸ ಎಲೆ ನೋಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಆಮೇಲೆ ದ್ರವ ಗೊಬ್ಬರ, ಬಾಟಲಿ ಮೇಲೆ ಬರೆದಿದ್ದರ ಅರ್ಧ.

ಪಾಚಿಗೆ ಅಂತ ಲಿಕ್ವಿಡ್ ಕಾರ್ಬನ್ ಹೆಸರಲ್ಲಿ ಮಾರೋ ದ್ರವ ಕೊಂಡ್ರೆ ಒಂದು ಎಚ್ಚರಿಕೆ. ಅದರಲ್ಲಿರೋದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್ ಅನ್ನೋ ಸೋಂಕುನಿವಾರಕ ರಾಸಾಯನಿಕ; ವ್ಯಾಲಿಸ್ನೇರಿಯಾ ಅದಕ್ಕೆ ಕರಗಿಹೋಗಬಹುದು.

ವ್ಯಾಲಿಸ್ನೇರಿಯಾ ನೆಲೆ ನಿಂತ ಮೇಲೆ ಮರಳಲ್ಲೇ ಬಳ್ಳಿ ಚಾಚಿ ಮರಿ ಹಾಕುತ್ತೆ. ಮರಿಗೆ ನಾಲ್ಕೈದು ಎಲೆ ಬಂದ ಮೇಲೆ ನಡುವಿನ ಬಳ್ಳಿ ಕತ್ತರಿಸಿ, ಬೇಕಾದ ಕಡೆ ನೆಡಿ. ಎಲೆ ಉದ್ದವಾಗಿ ಮೇಲ್ಮೈ ಮುಚ್ಚಿದ್ರೆ ಮಧ್ಯಕ್ಕೆ ಕತ್ತರಿಸಬೇಡಿ, ತುದಿ ಕಂದಾಗುತ್ತೆ. ಹಳೇ ಎಲೆಯನ್ನ ಬುಡದಿಂದಲೇ ತೆಗೀರಿ.